ಚುಕ್ಕಿಗಳ ವರ್ಗಾವಣೆ

ತಾರೀಖು ೧೧, ಮಾರ್ಚ್
ಮಂಗಳವಾರ, ಬೆಳಿಗ್ಗೆ

ನನ್ನ ಮುದ್ದಿನ ಚೂಟಿಗೆ,

ಮಾವನ ಆಶೀರ್ವಾದ. ಇಲ್ಲಿ ನಾನೂ ನಿನ್ನ ಅತ್ತೆಯೂ ಇದ್ದ ಹಾಗೆ ಇದ್ದೇವೆ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿನ್ನ ಅತ್ತೆಗೆ ಹೊಸ ಕನ್ನಡಕ ಬಂದಿದೆ. ನೀನು ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಪುಸ್ತಕವನ್ನೇ ತಿನ್ನುತ್ತಿದ್ದೀಯೋ? ಅಕ್ಕ ಫೋನ್ ಮಾಡಿದಾಗಲೆಲ್ಲ ‘ನನ್ನ ಮಗಳು ಕಡ್ಡಿ ಆಗಿದಾಳೆ ಕಣೋ’ ಅಂತ ನನ್ನನ್ನೇ ಬೈಯುತ್ತಾಳೆ, ನಿನ್ನ ತಟ್ಟೆಯಿಂದ ನಾನೇ ಕದ್ದು ತಿಂದ ಹಾಗೆ.

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯದಿದ್ದದ್ದು ತಪ್ಪು. ಕೆಲಸವಿತ್ತು ಅಂದರೆ ನಗುತ್ತೀಯ. ಜ್ವರ ಬಂದಿತ್ತು ಅಂದರೆ ಅಕ್ಕನನ್ನು ಕೇಳಿ ಸುಳ್ಳು ಹಿಡಿಯುತ್ತೀಯ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಒಂದೊಂದು ಪುಟ ನನ್ನ ಪ್ರತಾಪವೇ ತುಂಬಿಕೊಂಡಿತು, ಹರಿದು ಹಾಕಿದೆ. ಫೋನಿನಲ್ಲಿ ಹೇಳಿಬಿಡೋಣ ಅಂತ ಮೂರು ಸಲ ನಂಬರು ಒತ್ತಿದೆ. ಆ ಕಡೆಯಿಂದ ನೀನು ‘ಏನ್ ಮಾವ, ನಮ್ಮ ಹೀರೋ ಹೇಗಿದೀರಿ?’ ಅನ್ನುತ್ತೀಯ. ಅಷ್ಟು ಸಾಕು, ಎದೆ ಎರಡು ಇಂಚು ಉಬ್ಬುತ್ತದೆ. ಇನ್ನೇನೋ ಜಂಬ ಕೊಚ್ಚಿ ಫೋನ್ ಇಟ್ಟುಬಿಡುತ್ತೇನೆ. ಹಾಗಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದಷ್ಟು ಸುತ್ತಿ ಬಳಸಿಕೊಳ್ಳುತ್ತೇನೆ.

ನಾನು ನಿನಗೆ ಕಳಿಸಿದ ನಕ್ಷೆ ಸುಳ್ಳು. ಅದರ ಚುಕ್ಕಿಗಳನ್ನು ನಾನೇ ಕಿತ್ತು ಬೇರೆ ಕಡೆ ಅಂಟಿಸಿದ್ದೇನೆ. ಇಪ್ಪತ್ತೈದನೇ ತಾರೀಖಿನ ಸಭೆಯಲ್ಲಿ ಅದನ್ನು ಓದಬೇಡ. ಓದಿದರೆ ಇಸ್ತ್ರಿಯವನ ಬದುಕು ಹೋಗುತ್ತದೆ.

ಬರೆದೆ. ಈಗ ಒಂದು ಲೋಟ ನೀರು ಕುಡಿದು ಬಂದೆ.

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಪ್ರೊಫೆಸರು ಓದಿದರೂ ಅವರಿಗೆ ಅರ್ಥವಾಗಬೇಕು. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವನ ಬರವಣಿಗೆ ಅಂತ ಅವರು ಮೂಗು ಮುರಿಯುವುದೂ ಬೇಡ. ನಮ್ಮ ಮೇಷ್ಟ್ರು ನನ್ನ ಅಕ್ಷರ ನೋಡಿ, ‘ಇವನು ಒಂದೋ ಕಚೇರಿ ಸೇರ್ತಾನೆ, ಇಲ್ಲ ಕಳ್ಳಸಹಿ ಹಾಕಿ ಜೈಲು ಸೇರ್ತಾನೆ’ ಅಂದಿದ್ದರು. ಸೇರಿದ್ದು ಜೈಲೇ. ಆದರೆ ಕೀಲಿ ನನ್ನ ಕೈಯಲ್ಲಿತ್ತು, ಅಷ್ಟೇ ವ್ಯತ್ಯಾಸ. ಮೂವತ್ತೊಂದು ವರ್ಷ. ವಾರ್ಡರ್ ಆಗಿ ಸೇರಿದವನು ಹೆಡ್ ವಾರ್ಡರ್ ಆಗಿ ಹೊರಬಂದೆ. ನೀನು ಅಪರಾಧಶಾಸ್ತ್ರಕ್ಕೆ ಸೇರಿದ ದಿನ ನಾನು ಬೀದಿಯಲ್ಲೆಲ್ಲ ಹೇಳಿದ್ದು ನೆನಪಿದೆಯಾ? ‘ಶಾಸ್ತ್ರ ಅವಳು ನೋಡ್ಕೊಳ್ತಾಳೆ, ಅಪರಾಧ ನನಗೆ ಬಿಟ್ಟಿದಾಳೆ.’

ಡಿಸೆಂಬರಿನಲ್ಲಿ ನೀನು ಆ ದೊಡ್ಡ ಹಾಳೆ ತಂದೆ. ಚಾಪೆಯಷ್ಟು ಅಗಲ. ನಮ್ಮ ಬೀದಿ, ಮೂರು ಅಡ್ಡ ಓಣಿ, ಒಂದೊಂದು ಮನೆಗೂ ಒಂದೊಂದು ಚೌಕ, ವಾಚನಾಲಯ, ನೀರಿನ ಟ್ಯಾಂಕು, ನನ್ನ ಮನೆಯ ಮುಂದಿನ ಬೆಂಚು ಸಹ. ಜೊತೆಗೆ ಅಂಟಿಸುವ ಚುಕ್ಕಿಗಳು. ಒಬ್ಬೊಬ್ಬರಿಗೆ ಮೂರು ಕೆಂಪು, ಮೂರು ಹಸಿರು. ಎಲ್ಲಿ ಭಯ ಆಗುತ್ತದೋ ಅಲ್ಲಿ ಕೆಂಪು, ಎಲ್ಲಿ ನೆಮ್ಮದಿಯೋ ಅಲ್ಲಿ ಹಸಿರು. ಹೆಸರು ಬರೆಯುವಂತಿಲ್ಲ. ಒಬ್ಬೊಬ್ಬರೇ ಒಳಗೆ ಹೋಗಬೇಕು, ಬಾಗಿಲು ಹಾಕಿರಬೇಕು. ‘ಮಾವ, ನೀವು ಒಳಗೆ ಇಣುಕಬಾರದು, ಯಾರನ್ನೂ ಏನು ಅಂಟಿಸಿದ್ರಿ ಅಂತ ಕೇಳಬಾರದು, ನಾನು ನೋಡೋಕೆ ಮುಂಚೆ ನೀವು ನಕ್ಷೆ ನೋಡಬಾರದು’ ಅಂತ ನನ್ನ ಕೈ ಹಿಡಿದು ಹೇಳಿದೆ. ಮೊದಲಿನ ಎರಡನ್ನು ನಾನು ಪಾಲಿಸಿದೆ. ಇದನ್ನು ನಿನ್ನ ಪ್ರೊಫೆಸರಿಗೆ ಒತ್ತಿ ಹೇಳು.

ವಾಚನಾಲಯದಲ್ಲಿ ಇಡಿ ಅಂತ ನೀನು ಹೇಳಿದ್ದೆ. ನಾನು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಾಸಿದೆ. ವಾಚನಾಲಯದ ಬೀಗ ಕೈಕೊಟ್ಟಿದೆ ಅಂತ ಫೋನಿನಲ್ಲಿ ಹೇಳಿದೆನಲ್ಲ, ಬೀಗ ಸರಿಯಾಗೇ ಇತ್ತು. ಭಯದ ಲೆಕ್ಕ ತೆಗೆಯುವುದಕ್ಕೆ ಹೆಡ್ ವಾರ್ಡರ್ ಮನೆಗಿಂತ ಒಳ್ಳೆ ಜಾಗ ಎಲ್ಲಿದೆ ಅಂತ ನನ್ನ ಯೋಚನೆ. ನಾಲ್ಕು ದಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತೆ. ಐವತ್ತೆಂಟು ಜನ ಬಂದರು, ಹೋದರು. ಹೋಗುವಾಗ ಎಲ್ಲರೂ ‘ಬರ್ತೀವಿ ಯಜಮಾನ್ರೆ’ ಅಂತ ನಕ್ಕು ಕೈ ಮುಗಿದರು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಪಕ್ಕದಲ್ಲಿ ಕೂತಿದ್ದ ಡ್ರೈವರ್‌ಗೆ ಹೇಳಿದೆ: ‘ನೋಡ್ತಾ ಇರು, ಈ ಬೆಂಚಿನ ಮೇಲೆ ಹಸಿರು ಹುಲ್ಲೇ ಬೆಳೆದಿರತ್ತೆ.’ ಡ್ರೈವರ್ ಗೊತ್ತಲ್ಲ, ಬಸ್ಸು ಓಡಿಸಿ ನಿವೃತ್ತನಾದವನು, ಹತ್ತು ವರ್ಷದಿಂದ ಸಂಜೆ ನನ್ನ ಪಕ್ಕ ಕೂರುವವನು. ‘ಹುಲ್ಲು ಬೆಳೆದ್ರೆ ದನ ಬರ್ತವೆ ಮಾರಾಯ’ ಅಂದ. ನಕ್ಕೆವು.

ಐದನೇ ದಿನ ಮಧ್ಯಾಹ್ನ ನಕ್ಷೆ ಸುತ್ತಿ ಕಟ್ಟಬೇಕಿತ್ತು. ಸುತ್ತುವವನು ಕಣ್ಣು ಮುಚ್ಚಿಕೊಂಡು ಸುತ್ತಲಿಕ್ಕಾಗುತ್ತದಾ? ನೋಡಿದೆ.

ಹಳೇ ಕಾರ್ಖಾನೆಯ ಪಕ್ಕದ ಓಣಿಯೇ ಕೆಂಪಾಗಿರುತ್ತದೆ ಅಂತ ನಾನು ಪಂದ್ಯ ಕಟ್ಟುತ್ತಿದ್ದೆ. ಅಲ್ಲಿ ಮುರಿದ ಗೋಡೆ, ಬಾಯಿ ತೆರೆದ ಚರಂಡಿ. ಮೇಲಾಗಿ ಅಲ್ಲಿರುವವನು ಇಸ್ತ್ರಿಯವನು, ನಮ್ಮ ಜೈಲಿನಲ್ಲೇ ಹನ್ನೊಂದು ವರ್ಷ ಇದ್ದು ಬಂದವನು. ಯಾವ ತಪ್ಪಿಗೆ ಅಂತ ಬರೆಯುವುದಿಲ್ಲ, ಅದರ ಶಿಕ್ಷೆ ಮುಗಿದಿದೆ. ಅವನಿಗೆ ಇಸ್ತ್ರಿ ಕಲಿಸಿದ್ದು ನಾನೇ ಅಂತ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೇನೆ. ಕಲಿಸಿದ್ದು ಜೈಲು ಲಾಂಡ್ರಿಯ ಇನ್ನೊಬ್ಬ ಕೈದಿ. ನಾನು ಕುರ್ಚಿ ಹಾಕಿಕೊಂಡು ಕೂತಿದ್ದೆ.

ಆ ಓಣಿಯಲ್ಲಿ ಕೆಂಪು ಇದ್ದದ್ದು ಎರಡೇ ಎರಡು. ಎರಡೂ ಚರಂಡಿಯ ಮೇಲೆ. ಇಸ್ತ್ರಿ ಗಾಡಿ ನಿಲ್ಲುವ ಕಡೆ ಹದಿನಾಲ್ಕು ಹಸಿರು ಚುಕ್ಕಿ.

ನನ್ನ ಬೆಂಚಿನ ಮೇಲೆ ಇಪ್ಪತ್ತಮೂರು ಕೆಂಪು.

ಮೂರು ಸಲ ಎಣಿಸಿದೆ. ನನ್ನ ಹೊಟ್ಟೆಪಾಡೇ ಎಣಿಸುವುದಾಗಿತ್ತು, ತಪ್ಪುವುದಿಲ್ಲ. ಚುಕ್ಕಿ ಅಂಟಿಸಲು ಜಾಗ ಸಾಲದೆ ಒಂದರ ಮೇಲೊಂದು ಅಂಟಿಸಿದ್ದರು. ನನ್ನ ಮನೆಯೊಳಗೇ ಕೂತು, ನನ್ನ ಮನೆಯ ನೀರು ಕುಡಿದು. ಹಸಿರು ಮೂರಿದ್ದವು. ಆ ಮೂರನ್ನೂ ಅಂಟಿಸಿದವನು ನಾನೇ, ಮೊದಲ ದಿನ ಹಾಳೆ ಖಾಲಿ ಇದ್ದಾಗಲೇ. ಡ್ರೈವರಾದರೂ ಒಂದು ಅಂಟಿಸಿರುತ್ತಾನೆ ಅಂದುಕೊಂಡಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಕೇಳು. ಜೈಲಿನಲ್ಲಿ ಸಂಜೆ ಬಾಗಿಲು ಹಾಕುವ ಮುಂಚೆ ಎಣಿಕೆ. ಒಂದು ಬ್ಯಾರಕ್ಕಿನಲ್ಲಿ ಒಬ್ಬ ಹೆಚ್ಚು, ಇನ್ನೊಂದರಲ್ಲಿ ಒಬ್ಬ ಕಡಿಮೆ ಬರುವುದು ದಿನಾ ಇದ್ದದ್ದೇ. ಯಾರು ಎಲ್ಲಿ ನುಗ್ಗಿ ಕೂತಿದ್ದಾನೆ ಅಂತ ಹುಡುಕುವವರು ಯಾರು? ಹಲಗೆಯ ಮೇಲೆ ಇಲ್ಲಿಯ ಒಂದು ಗೀಟು ಅಳಿಸಿ ಅಲ್ಲಿ ಎಳೆಯುತ್ತಿದ್ದೆವು. ಒಟ್ಟು ಸರಿ ಬಂದರೆ ಸಾಹೇಬರು ಸಹಿ ಹಾಕುತ್ತಿದ್ದರು. ಅದಕ್ಕೆ ನಾವು ವರ್ಗಾವಣೆ ಅನ್ನುತ್ತಿದ್ದೆವು, ಸುಳ್ಳು ಅನ್ನುತ್ತಿರಲಿಲ್ಲ. ಆ ಮಧ್ಯಾಹ್ನವೂ ಉಗುರಿನಿಂದ ಒಂದೊಂದೇ ಚುಕ್ಕಿ ಎಬ್ಬಿಸಿ ವರ್ಗಾವಣೆ ಮಾಡಿದೆ. ಕೆಂಪು ಅಲ್ಲಿಗೆ, ಹಸಿರು ಇಲ್ಲಿಗೆ. ಒಂದನ್ನೂ ಕದ್ದಿಲ್ಲ, ಒಟ್ಟು ಸರಿ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ಕೈ ತೊಳೆದು ಬಂದು ನಕ್ಷೆ ಸುತ್ತಿ ಬಸ್ಸಿಗೆ ಹಾಕಿದೆ.

ನಿನ್ನ ಮೊದಲ ವರದಿ ಬಂತು. ‘ನಿವೃತ್ತ ಸಿಬ್ಬಂದಿಯೊಬ್ಬರ ಉಪಸ್ಥಿತಿಯು ಬೀದಿಗೆ ಧೈರ್ಯ ನೀಡಿದೆ’ ಅಂತ ಬರೆದಿದ್ದೆ. ಆ ಸಾಲನ್ನು ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ಬೀದಿಯವರ ಮುಂದೆ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತಮೂರು ಚುಕ್ಕಿ ಅಂಟಿಸಿದವರೂ ಅವರಲ್ಲಿದ್ದರು ಚೂಟಿ. ಒಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಮುಖ ಮುಚ್ಚಿಕೊಳ್ಳುವುದನ್ನು ನಾನು ಜೈಲಿನೊಳಗೆ ಮಾತ್ರ ನೋಡಿದ್ದೆ.

ಆ ವರದಿಯನ್ನು ನಿನ್ನ ಪ್ರೊಫೆಸರು ಪೊಲೀಸ್ ಠಾಣೆಗೂ ಕೊಟ್ಟರಂತೆ. ಪೊಲೀಸರು ಬೇರೆ ಯಾವ ಕಾಗದಕ್ಕೂ ಅಷ್ಟು ಬೇಗ ಓಡಿ ಬಂದದ್ದನ್ನು ನಾನು ಕಂಡಿಲ್ಲ. ಫೆಬ್ರವರಿ ಎರಡನೇ ವಾರ ಓಣಿಯ ಬಾಯಿಗೆ ನೀಲಿ ಟಾರ್ಪಾಲು ಕಟ್ಟಿ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ರಿಜಿಸ್ಟರು ಇಟ್ಟು ಚೌಕಿ ಶುರು ಮಾಡಿದರು. ಇಬ್ಬರು ಪೇದೆಗಳು. ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ. ಓಣಿಯಲ್ಲಿ ಹಳೇ ದಾಖಲೆ ಇರುವ ಮನುಷ್ಯ ಒಬ್ಬನೇ. ಬೆಳಿಗ್ಗೆ ಅವನು ಗಾಡಿ ತರುವಾಗ ಸಹಿ. ಮಧ್ಯಾಹ್ನ ಬಟ್ಟೆ ಗಂಟು ಬಿಚ್ಚಿ ನೋಡುವುದು. ಬಟ್ಟೆ ತಂದ ಹೆಂಗಸರನ್ನು ಯಾವ ಮನೆ, ಎಷ್ಟು ಅಂಗಿ ಅಂತ ಕೇಳುವುದು. ಪೊಲೀಸರ ಕೈಯಲ್ಲಿ ತಮ್ಮ ಬಟ್ಟೆ ಬಿಚ್ಚಿಸಿಕೊಳ್ಳಲು ಯಾರು ಬರುತ್ತಾರೆ? ಎರಡೇ ವಾರಕ್ಕೆ ಓಣಿ ಖಾಲಿ.

ಅಷ್ಟರಲ್ಲಿ ನಿನ್ನ ಕಾಗದವೂ ಬಂದು ಕೂತಿತ್ತು. ‘ಆ ಓಣಿಯಲ್ಲಿ ಜನ ಯಾವುದಕ್ಕೆ ಹೆದರುತ್ತಾರೆ ಮಾವ? ಜಾಗಕ್ಕೋ, ಮನುಷ್ಯರಿಗೋ? ನೀವು ದಿನಾ ನೋಡುವವರು, ನಾಲ್ಕು ಸಾಲು ಬರೆಯಿರಿ.’ ಏನು ಬರೆಯಲಿ?

ಮಂಗಳವಾರ ಸಂಜೆ

ಬೆಳಿಗ್ಗೆ ಬರೆದು ಸಾಕಾಗಿ ಮಲಗಿಬಿಟ್ಟಿದ್ದೆ. ಬೆನ್ನಿಗಿಂತ ಮನಸ್ಸಿಗೇ ಆಯಾಸ. ಮೊದಲೆಲ್ಲ ಬೆಳಿಗ್ಗೆಯೂ ಈ ಹೊತ್ತಿಗೂ ಬೆಂಚಿನ ಮೇಲಿರುತ್ತಿದ್ದೆ. ಈಗ ಒಂದು ವಾರದಿಂದ ಕೂತಿಲ್ಲ. ಯಾಕೆ ಅಂತ ಹೇಳಬೇಕು.

ಮೂರನೇ ಮನೆಯ ನರ್ಸಮ್ಮ ಗೊತ್ತಲ್ಲ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವವಳು. ಹೋದ ವಾರದ ಸೋಮವಾರ ಬೆಳಿಗ್ಗೆ ಅವಳನ್ನು ನಿಲ್ಲಿಸಿದೆ. ‘ಯಾಕಮ್ಮ ಈ ನಡುವೆ ಆ ಕಡೆಯಿಂದ ಸುತ್ತಿಕೊಂಡು ಬರ್ತೀಯ? ನೇರ ದಾರಿ ಇಲ್ಲೇ ಇದೆಯಲ್ಲ?’ ಅಂದೆ.

‘ಈ ನಡುವೆ ಅಲ್ಲ ಅಂಕಲ್. ನಾಲ್ಕು ವರ್ಷದಿಂದ’ ಅಂದಳು.

‘ಆ ಓಣಿಲಿ? ಭಯ ಆಗಲ್ವಾ?’

ಅವಳಿಗೆ ನಿದ್ದೆ ಇರಲಿಲ್ಲ, ಸೌಜನ್ಯಕ್ಕೆ ಶಕ್ತಿಯೂ ಇರಲಿಲ್ಲ ಅಂತ ಕಾಣುತ್ತದೆ. ‘ಇಸ್ತ್ರಿಯಣ್ಣ ಏನೂ ಕೇಳಲ್ಲ ಅಂಕಲ್. ತಲೆ ಎತ್ತಿ, ಬಂದ್ಯಾ ಅಂತ ಒಂದ್ಸಲ ನೋಡ್ತಾರೆ ಅಷ್ಟೆ. ನಿಮ್ಮ ಬೆಂಚು ದಾಟೋದಂದ್ರೆ ದಿನಾ ಪರೀಕ್ಷೆಗೆ ಕೂತ ಹಾಗೆ. ಎಲ್ಲಿಂದ ಬಂದೆ, ಯಾಕೆ ಲೇಟು, ಬಿಟ್ಟು ಹೋದೋನು ಯಾರು, ಬ್ಯಾಗಲ್ಲಿ ಏನು. ನಾನು ಎಂಟು ಗಂಟೆ ಹೊತ್ತು ರೋಗಿಗಳಿಗೆ ಉತ್ತರ ಹೇಳಿ ಬಂದಿರ್ತೀನಿ.’ ಆಮೇಲೆ ಸ್ವಲ್ಪ ನಕ್ಕಳು. ‘ಮೊದಲು ಒಂದೇ ಗೇಟು ಇತ್ತು. ಈಗ ಆ ಕಡೆಯೂ ಒಂದು ಗೇಟು ಹಾಕಿಸಿದ್ರಿ.’

‘ನಾನಾ? ನಾನೇನು ಮಾಡಿದೆ?’ ಅಂದೆ. ಎಷ್ಟು ಸಲೀಸಾಗಿ ಬಂತು ನೋಡು ಬಾಯಿಗೆ.

‘ನೀವಲ್ಲ, ನಕ್ಷೆ’ ಅಂತ ಹೇಳಿ ಹೋದಳು.

ನಾನು ಯಾರಿಗೂ ಕೆಟ್ಟದ್ದು ಬಯಸಿ ಕೂತವನಲ್ಲ. ಹೋಗುವವರು ಬರುವವರ ಮೇಲೆ ಒಂದು ಕಣ್ಣಿರಲಿ ಅಂತ ಕೂತೆ. ಪಿಂಚಣಿ ಬಂದರೂ ಕೆಲಸ ಬಿಡದ ನಿಷ್ಠಾವಂತ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಂಬಳವಿಲ್ಲದ ಜೈಲೊಂದನ್ನು ಬೀದಿಯಲ್ಲಿ ನಡೆಸುತ್ತಿದ್ದೆ ಅಂತ ಈಗ ಅನ್ನಿಸುತ್ತಿದೆ. ಅವತ್ತು ಸಂಜೆಯಿಂದ ಕೂರುವುದು ಬಿಟ್ಟೆ. ಕಿಟಕಿಯಿಂದ ನೋಡುತ್ತೇನೆ. ಮೊದಲ ಎರಡು ದಿನ ಎಲ್ಲರೂ ಬೆಂಚಿನ ಹತ್ತಿರ ಬಂದಾಗ ಅಭ್ಯಾಸಕ್ಕೆ ಹೆಜ್ಜೆ ಬೇಗ ಬೇಗ ಹಾಕುತ್ತಿದ್ದರು. ಮೂರನೇ ದಿನ ಎರಡು ಹುಡುಗಿಯರು ಅದರ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏಳು ದಿನವಾಯಿತು. ‘ಯಜಮಾನ್ರು ಯಾಕೆ ಕಾಣಲ್ಲ, ಹುಷಾರಿಲ್ವಾ’ ಅಂತ ಬಾಗಿಲು ತಟ್ಟಿದವರು ಯಾರೂ ಇಲ್ಲ. ಡ್ರೈವರ್ ಒಂದು ದಿನ ಬಂದ, ಅವನ ಕೊಡೆ ಇಲ್ಲಿ ಬಿಟ್ಟಿದ್ದನಂತೆ.

ಅವನನ್ನು ಕೇಳಿಯೇಬಿಟ್ಟೆ. ‘ನೀನು ಹಸಿರು ಎಲ್ಲಿ ಅಂಟಿಸಿದೆಯೋ?’ ಅಂತ. ನಿನ್ನ ಎರಡನೇ ನಿಯಮವನ್ನೂ ಅಲ್ಲಿಗೆ ಮುರಿದ ಹಾಗಾಯಿತು, ಬರೆದುಕೋ.

‘ಮೂರೂ ಬಸ್ ಸ್ಟಾಪಿಗೆ ಹಾಕಿದೆ. ಅಲ್ಲಾದ್ರೆ ಬಸ್ಸು ಬರತ್ತೆ’ ಅಂದ.

‘ಹತ್ತು ವರ್ಷ ನನ್ನ ಪಕ್ಕ ಕೂತಿದ್ದೀಯಲ್ಲೋ?’

‘ಕೂರದೆ ಇದ್ರೆ ಬಿಡ್ತಿದ್ಯಾ ನೀನು? ಯಾಕೆ ಬರಲಿಲ್ಲ ಅಂತ ಮನೆವರೆಗೂ ಬರ್ತಿದ್ದೆ.’ ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಜಗಳವಾಡಿದವನ ಹಾಗೇನೂ ಇರಲಿಲ್ಲ, ಸಾಮಾನ್ಯವಾಗಿ ಹೇಳಿದ.

ಗುರುವಾರ ಚೌಕಿಗೆ ಹೋದೆ. ಎದೆ ಸೆಟೆಸಿಕೊಂಡೇ ಹೋದೆ, ಆ ರೋಗ ಒಂದೇ ದಿನಕ್ಕೆ ಹೋಗುವುದಿಲ್ಲ. ದೊಡ್ಡ ಪೇದೆ ಎದ್ದು ಕುರ್ಚಿ ಕೊಟ್ಟ. ‘ನೋಡಪ್ಪಾ, ಆ ಚುಕ್ಕಿಗಳು ಈ ಓಣಿಯವಲ್ಲ. ನಾನು ಅಂಟಿಸಿದ್ದು. ಈ ಟಾರ್ಪಾಲು ಬಿಚ್ಚಿ’ ಅಂದೆ.

ಅವನು ಚಿಕ್ಕ ಪೇದೆಯ ಮುಖ ನೋಡಿದ. ಚಿಕ್ಕವನು ರಿಜಿಸ್ಟರ್ ನೋಡಿದ. ‘ಯಜಮಾನ್ರೆ, ನಿಮ್ಮದು ದೊಡ್ಡ ಮನಸ್ಸು. ಹಳೇ ಕೈದಿ ಮೇಲೆ ಕನಿಕರ. ಆದ್ರೆ ನಮಗೆ ಮೇಲಿಂದ ಆರ್ಡರು. ಚುಕ್ಕಿ ಯಾರು ಅಂಟಿಸಿದ್ರು ಅಂತ ಆರ್ಡರಲ್ಲಿ ಇಲ್ಲ’ ಅಂದ.

‘ನಾನು ತಪ್ಪೊಪ್ಪಿಗೆ ಕೊಡ್ತಿದ್ದೀನಯ್ಯಾ!’

‘ಅದಕ್ಕೆ ನಮ್ಮ ಹತ್ರ ಕಾಲಂ ಇಲ್ಲ ಸಾರ್’ ಅಂದ ಚಿಕ್ಕವನು. ತಮಾಷೆಗಲ್ಲ. ನಿಜವಾಗಿಯೂ ರಿಜಿಸ್ಟರಿನ ಪುಟ ತಿರುವಿ ನೋಡಿ ಹೇಳಿದ. ವಿಷಯ ಸಭೆಗೆ ಹೋಗಿದೆ, ಇಪ್ಪತ್ತೈದಕ್ಕೆ ವಾರ್ಡ್ ಕಚೇರಿಯಲ್ಲಿ ವರದಿ ಓದುತ್ತಾರೆ, ಚೌಕಿಯನ್ನು ಇಟ್ಟಿಗೆಯದು ಮಾಡುತ್ತಾರೆ, ಓಣಿಯ ಗಾಡಿಯನ್ನು ಎತ್ತಿಸುತ್ತಾರೆ ಅಂತ ಅವನೇ ತಿಳಿಸಿದ. ವರದಿ ಬರೆದವರೇ ಬರಹದಲ್ಲಿ ವಾಪಸು ತೆಗೆದುಕೊಂಡರೆ ಮಾತ್ರ ಬೇರೆ ಮಾತು. ಅಂದರೆ ನೀನು.

ಹಾಗೆಂದು ನೇರ ನಿನಗೆ ಬರೆಯಲು ಕೂತೆ ಅಂದುಕೊಳ್ಳಬೇಡ. ಇನ್ನೂ ನಾಲ್ಕು ದಿನ ಹೇಗಾದರೂ ತಪ್ಪಿಸಿಕೊಳ್ಳಲಾಗುತ್ತದಾ ಅಂತ ಮನೆಯೊಳಗೇ ಅಡ್ಡಾಡಿದೆ. ನಿನ್ನೆ ಇಸ್ತ್ರಿಯವನ ಹತ್ತಿರ ಹೋದೆ.

ಗಾಡಿಯ ಮೇಲೆ ಮೂರೇ ಮೂರು ಬಟ್ಟೆ, ಮೂರೂ ಅವನವೇ. ನನ್ನನ್ನು ಕಂಡು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕೆ ಇಟ್ಟು ನಿಂತ. ಈಗಲೂ ನನ್ನನ್ನು ಯಜಮಾನ್ರೆ ಅನ್ನುತ್ತಾನೆ. ‘ಅಂಗಿ ಕೊಡಿ ಯಜಮಾನ್ರೆ, ಸುಕ್ಕಾಗಿದೆ’ ಅಂದ. ಹಾಕಿಕೊಂಡ ಅಂಗಿಯನ್ನು ಹೇಗೆ ಕೊಡಲಿ?

‘ಹೇಗಿದ್ದೀಯ?’ ಅಂದೆ.

‘ಒಳಗಿದ್ದಾಗ ದಿನಕ್ಕೆ ಎರಡು ಸಲ ಎಣಿಸ್ತಿದ್ರಿ. ಇಲ್ಲಿ ನಾಲ್ಕು ಸಲ ಎಣಿಸ್ತಾರೆ. ಒಬ್ಬನೇ ಇದ್ದೀನಿ, ತಪ್ಪೋದೂ ಇಲ್ಲ.’ ನಕ್ಕ. ಆಮೇಲೆ ಬಟ್ಟೆಯ ಮೇಲೆ ನೀರು ಚಿಮುಕಿಸುತ್ತ ಹೇಳಿದ: ‘ಪೊಲೀಸರದ್ದು ನನಗೆ ಹೊಸದಲ್ಲ ಬಿಡಿ. ಬೀದಿ ಜನಕ್ಕೆ ನಾನಂದ್ರೆ ಇಷ್ಟು ಭಯ ಅಂತ ಗೊತ್ತಿರಲಿಲ್ಲ. ಇಪ್ಪತ್ತೈದು ಕೆಂಪಂತಲ್ಲ. ಮನೆ ಬಟ್ಟೆ ಎಲ್ಲಾ ನನ್ನ ಕೈಗೇ ಕೊಡ್ತಿದ್ರು, ಮಕ್ಕಳ ಸ್ಕೂಲ್ ಬಟ್ಟೆ ಸಹ. ಹೆದರಿಕೊಂಡೇ ಕೊಡ್ತಿದ್ರು ಅಂತ ಕಾಣತ್ತೆ. ನಾನು ತಿಳ್ಕೊಳ್ಳಲಿಲ್ಲ. ಈಗ ಯಾರ ಮುಖ ನೋಡೋಕೂ ಆಗಲ್ಲ ಯಜಮಾನ್ರೆ. ತಿಂಗಳ ಕೊನೆಗೆ ಹೊರಡ್ತೀನಿ.’

‘ಎಲ್ಲಿಗೆ?’

‘ನಕ್ಷೆ ಬರೀದೇ ಇರೋ ಕಡೆಗೆ.’

ಅಲ್ಲಿ ಹೇಳಿದೆ ಚೂಟಿ. ನಿಂತುಕೊಂಡೇ, ವರದಿ ಒಪ್ಪಿಸುವ ಹಾಗೆ ಹೇಳಿದೆ. ಕೆಂಪು ನನ್ನದು, ಹಸಿರು ನಿನ್ನದು, ಅದಲು ಬದಲು ಮಾಡಿದವನು ನಾನು ಅಂತ. ಅವನು ಬಯ್ಯುತ್ತಾನೆ, ಬಿಸಿ ಪೆಟ್ಟಿಗೆ ಎತ್ತುತ್ತಾನೆ ಅಂತ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಅವನು ಒಂದೇ ತೋಳನ್ನು ಮೂರು ಸಲ ಇಸ್ತ್ರಿ ಮಾಡಿದ.

‘ಹಸಿರು ಎಷ್ಟಿತ್ತು?’ ಅಂದ.

‘ಹದಿನಾಲ್ಕು.’

‘ಹದಿನಾಲ್ಕು.’ ಪೆಟ್ಟಿಗೆ ಇಟ್ಟ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಗಳನ್ನು ಒಂದೊಂದಾಗಿ ನೋಡಿದ. ತುಟಿ ಅಲ್ಲಾಡುತ್ತಿತ್ತು, ಯಾರು ಯಾರಿರಬಹುದು ಅಂತ ಲೆಕ್ಕ ಹಾಕುತ್ತಿದ್ದ. ಕಣ್ಣು ಒರೆಸಿಕೊಂಡನೋ, ಬೆವರು ಒರೆಸಿಕೊಂಡನೋ ನಾನು ನೋಡಲು ಹೋಗಲಿಲ್ಲ.

ಆಮೇಲೆ, ‘ಬರಹದಲ್ಲಿ ಕೊಡಿ’ ಅಂದ. ‘ಬಾಯಿಮಾತು ಬೇಡ ಯಜಮಾನ್ರೆ. ಸಹಿ ಹಾಕಿ ಕೊಡಿ.’

ಅವನು ನನಗೆ ಆಜ್ಞೆ ಮಾಡಿದ್ದು ಅದೇ ಮೊದಲು. ‘ಆಯ್ತು’ ಅಂದೆ. ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಎಷ್ಟು ಚುಕ್ಕಿ, ಎಲ್ಲಿಂದ ಎಲ್ಲಿಗೆ, ಯಾವ ದಿನ, ನನ್ನ ಪೂರ್ತಿ ಹೆಸರು, ಪಿಂಚಣಿ ನಂಬರು, ಸಹಿ. ಎರಡು ಪ್ರತಿ ಬರೆದೆ. ಒಂದು ಅವನಿಗೆ ಕೊಟ್ಟೆ. ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ, ಹೊರಡುವುದನ್ನು ಮುಂದೂಡುತ್ತೇನೆ ಅಂತ ಮಾತ್ರ ಹೇಳಲಿಲ್ಲ. ಇನ್ನೊಂದು ನಿನ್ನದು. ಸಭೆಯಲ್ಲಿ ಓದು. ನನ್ನ ಮುಖ ಉಳಿಸಲು ಒಂದು ಪದವನ್ನೂ ಬಿಡಬೇಡ.

ನಿನ್ನ ಓದಿಗೆ ಇದರಿಂದ ಎಷ್ಟು ಪೆಟ್ಟು ಬೀಳುತ್ತದೋ ನನಗೆ ಗೊತ್ತಿಲ್ಲ. ಎರಡು ವರ್ಷದ ಕೆಲಸ ಹಾಳಾಗಬಹುದು. ಪ್ರೊಫೆಸರು, ‘ನಿಮ್ಮ ಮಾವನ ಕೈಗೆ ಯಾಕೆ ಕೊಟ್ಟಿರಿ’ ಅಂತ ಕೇಳುತ್ತಾರೆ. ‘ನಂಬಿದ್ದೆ’ ಅಂತ ನೀನು ಹೇಳಬೇಕಾಗುತ್ತದೆ. ಆ ಮಾತು ನೆನೆದರೆ ಈ ಪೆನ್ನು ಭಾರವಾಗುತ್ತದೆ. ಹೊಸ ನಕ್ಷೆ ಹಾಸುವುದಾದರೆ ವಾಚನಾಲಯದಲ್ಲಿ ಹಾಸು. ಬೀಗದ ಕೈ ನಾನೇ ತಂದು ಕೊಟ್ಟು ಊರಾಚೆ ಹೋಗಿರುತ್ತೇನೆ. ಯಾರನ್ನೂ ಏನೂ ಕೇಳುವುದಿಲ್ಲ.

ನೀನು ಸಿಟ್ಟಾಗಿ ಉತ್ತರ ಬರೆಯದಿದ್ದರೂ ಸರಿ, ಊಟ ಬಿಡಬೇಡ. ನಿನಗೆ ಆಯುಸ್ಸು, ಆರೋಗ್ಯ, ನನ್ನಂಥವರ ಸಹಾಯ ಬೇಡದಷ್ಟು ಬುದ್ಧಿ, ಎಲ್ಲವೂ ಸಿಗಲಿ. ನೀನು ಬರೆಯುವ ಪ್ರತಿ ಸಾಲೂ ನಿಜವಾಗಿರಲಿ ಅಂತ ಹರಸುತ್ತೇನೆ. ಹೀಗೆ ಹರಸುವ ಯೋಗ್ಯತೆ ನನಗಿಲ್ಲ, ಆದರೂ ಮಾವನಾಗಿ ಹುಟ್ಟಿದ್ದೇನೆ, ಏನು ಮಾಡಲಿ. ಅಕ್ಕನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಅವಳು ಬಯ್ಯುವುದನ್ನು ನೇರವಾಗಿ ಕೇಳಬೇಕು.

ನಿನ್ನ ತಲೆ ಸವರುತ್ತ,
ನಿನ್ನ ಮಾವ

ಮರೆತದ್ದು: ಮರೆತಿರಲಿಲ್ಲ, ಬರೆಯದೆ ಲಕೋಟೆ ಅಂಟಿಸಿಬಿಡೋಣ ಅಂದುಕೊಂಡಿದ್ದೆ. ಇನ್ನೂ ಒಂದು ಕೆಂಪು ಚುಕ್ಕಿ ಇತ್ತು ಚೂಟಿ. ಅದು ಬೆಂಚಿನ ಮೇಲಿರಲಿಲ್ಲ. ನಮ್ಮ ಮನೆಯ ಚೌಕದ ಒಳಗೆ, ಹಿಂಭಾಗದಲ್ಲಿ, ಅಡುಗೆಮನೆ ಇರುವ ಮೂಲೆಯಲ್ಲಿತ್ತು. ಯಾರದೋ ಕೈ ಜಾರಿ ಅಂಟಿದೆ ಅಂದುಕೊಂಡು ಅದನ್ನೂ ಕಿತ್ತು ನೀರಿನ ಟ್ಯಾಂಕಿನ ಮೇಲೆ ಅಂಟಿಸಿದೆ. ಕಿತ್ತ ಮೇಲೆ ಹೊಳೆಯಿತು, ಬೀದಿಯವರು ಯಾರೂ ನಮ್ಮ ಅಡುಗೆಮನೆ ಎಲ್ಲಿದೆ ಅಂತ ನೋಡಿಲ್ಲ. ನಾಲ್ಕನೇ ದಿನ ಎಲ್ಲರೂ ಹೋದ ಮೇಲೆ ನಿನ್ನ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಮೂರು ತಿಂಗಳು ಕೇಳಲಿಲ್ಲ. ಮೊನ್ನೆ ಭಾನುವಾರ ಕೇಳಿದೆ.

‘ಹೌದು, ನಾನೇ’ ಅಂದಳು. ಬಟ್ಟೆ ಮಡಿಸುತ್ತಿದ್ದಳು, ನಿಲ್ಲಿಸಲಿಲ್ಲ.

‘ಯಾವತ್ತಾದ್ರೂ ನಿನ್ನ ಮೇಲೆ ಕೈ ಎತ್ತಿದ್ದೀನಾ?’

‘ಇಲ್ಲ.’

‘ಮತ್ತೆ?’

‘ನೀ‌ವು ಒಳಗೆ ಬಂದ ತಕ್ಷಣ ನಾನು ಎದ್ದು ನಿಲ್ತೀನಿ. ಮದುವೆಯಾದಾಗಿಂದ. ನೀವು ನೋಡಿಲ್ವಾ?’

ನೋಡಿದ್ದೆ ಚೂಟಿ. ದಿನಾ ನೋಡಿದ್ದೆ. ಮರ್ಯಾದೆ ಅಂದುಕೊಂಡಿದ್ದೆ.

ಈಗ ಅವಳು ಒಳಗೆ ಹೊಸ ಕನ್ನಡಕ ಹಾಕಿಕೊಂಡು ಕೂತು ಏನೋ ಓದುತ್ತಿದ್ದಾಳೆ, ಪುಟ ತಿರುವುವ ಸದ್ದು ಕೇಳುತ್ತಿದೆ. ನನಗೆ ಬಾಯಾರಿಕೆಯಾಗಿ ಬಹಳ ಹೊತ್ತಾಯಿತು. ನೀರು ಇರುವುದು ಒಳಗೆ. ಅವಳು ಇನ್ನೊಂದಷ್ಟು ಹೊತ್ತು ಕೂತಿರಲಿ ಅಂತ ನಾನು ಇಲ್ಲೇ ಇದ್ದೇನೆ.